ವ್ಯಸನ, ಚೇತರಿಕೆ ಕುರಿತ ಸಿನಿಮಾ ತೋರಿಸಿ ಚರ್ಚೆ: ಯಾವುದನ್ನು ತೋರಿಸೋದು, ಎಲ್ಲಿ ಕತ್ತರಿಸೋದು?

ಕೊನೆಬೆಂಚು:

ಎಲ್ಲರಿಗೂ ನಮಸ್ಕಾರ. ಆರು ವಾರದ ಒಂದು ಸಣ್ಣ ಸರಣಿ ಇಟ್ಟುಕೊಂಡಿದ್ದೇವೆ. ವಾರಕ್ಕೊಂದು ಸಂಜೆ, ತಲಾ ಒಂದೂವರೆ ಗಂಟೆ. ಬರೋರು 12 ಜನ. ಅರ್ಧ ಮಂದಿ ಕುಡಿತವನ್ನೋ, ಹೆರೋಯಿನ್ ಅಥವಾ ನೋವಿನ ಮಾತ್ರೆಗಳನ್ನೋ ಬಿಟ್ಟು ಮೂರರಿಂದ ಹತ್ತು ತಿಂಗಳಾದವರು. ಇನ್ನರ್ಧ ಅವರ ಮನೆಯವರು. ಕೌನ್ಸೆಲರ್ ಒಬ್ಬರು ಆರೂ ವಾರ ಜೊತೆಗಿರುತ್ತಾರೆ. ಚಿತ್ರ ಆರಿಸೋದು, ಚರ್ಚೆ ನಡೆಸೋದು ನನ್ನ ಪಾಲಿಗೆ ಬಂದಿದೆ.

ಸದ್ಯದ ಪಟ್ಟಿ ಇಷ್ಟು: ದಿ ಲಾಸ್ಟ್ ವೀಕೆಂಡ್, ಟ್ರೈನ್‌ಸ್ಪಾಟಿಂಗ್, ರೆಕ್ವಿಯಮ್ ಫಾರ್ ಎ ಡ್ರೀಮ್, ಜೊತೆಗೆ ಪತ್ರಕರ್ತ ಜೊಹಾನ್ ಹಾರಿ ಚಟದ ಬಗ್ಗೆ ಮಾಡಿದ ಟೆಡ್ ಭಾಷಣ. ತಂಡದಲ್ಲಿ ಎರಡು ಪಕ್ಷ. "ಚೆನ್ನಾಗಿ ಹೆದರಿಸಿದರೆ ಮತ್ತೆ ಅದರ ತಂಟೆಗೆ ಹೋಗಲ್ಲ" ಅನ್ನೋರು ಒಂದು ಕಡೆ, "ಸುಖಾಂತ್ಯದ್ದು ಮಾತ್ರ ಹಾಕಿ" ಅನ್ನೋರು ಇನ್ನೊಂದು ಕಡೆ. ನನ್ನ ಪ್ರಶ್ನೆಗಳು: ಪೂರ್ತಿ ಚಿತ್ರ ಹಾಕಬೇಕೋ, ತುಣುಕು ಸಾಕೋ? ಯಾವ ದೃಶ್ಯಗಳು ಕೈಕೊಡುತ್ತವೆ? ಚಿತ್ರ ಮುಗಿದ ಮೇಲೆ ಮಾತು ಶುರು ಮಾಡೋದು ಹೇಗೆ?

ಎಡಿಟ್‌ಟೇಬಲ್:

ಮೊದಲು ಒಂದು ಹೆಸರು ಹೊಡೆದುಹಾಕಿ: ರೆಕ್ವಿಯಮ್. ಚಿತ್ರದ ಗುಣಮಟ್ಟದ ಬಗ್ಗೆ ತಕರಾರಿಲ್ಲ, ಅದರ ಎಡಿಟಿಂಗ್ ನೋಡಿ. ಉರಿ, ಕುದಿಯುವ ಹನಿ, ಸಿರಿಂಜು, ಅಗಲವಾಗುವ ಕಣ್ಣಪಾಪೆ. ಒಂದೊಂದು ಶಾಟೂ ಕಣ್ಣು ಮಿಟುಕಿಸುವಷ್ಟು ಹೊತ್ತು, ಒಂದೊಂದಕ್ಕೂ ಗರಿಗರಿಯಾದ ಸದ್ದು, ಅದೇ ಜೋಡಣೆ ಚಿತ್ರದುದ್ದಕ್ಕೂ ಮತ್ತೆ ಮತ್ತೆ. ಸುಮ್ಮನೆ ನೋಡುವ ಪ್ರೇಕ್ಷಕನಿಗೆ ಅದು ಭಯಾನಕ. ಬಿಟ್ಟು ಮೂರು ತಿಂಗಳಾದವರ ಮಿದುಳಿಗೆ ಮಾತ್ರ ಅದು ಹಳೆಯ ತಯಾರಿಯ ದೃಶ್ಯ. ಕಥೆಯಲ್ಲಿ ಆಮೇಲೆ ಯಾರ ತೋಳು ಹೋಯಿತು ಎಂದು ಆ ಮಿದುಳು ಕಾದು ಕೂರಲ್ಲ, ಲೈಟರ್ ಸದ್ದಿಗೇ ಎದೆ ಡವಗುಟ್ಟುತ್ತೆ. ಗಂಟೆ ಸದ್ದಿಗೆ ಪಾವ್ಲೋವನ ನಾಯಿಗಳು ಜೊಲ್ಲು ಸುರಿಸಿದವಲ್ಲ, ಅದೇ ಲೆಕ್ಕ. ಹೆದರಿಸುವ ಪಕ್ಷದವರಿಗೆ ಇನ್ನೊಂದು ಮಾತು ಹೇಳಿ: ಭಯ, ಆತಂಕ ಏರಿದಾಗ ಅದನ್ನು ಇಳಿಸೋಕೆ ಈ ಜನ ವರ್ಷಗಟ್ಟಲೆ ಬಳಸಿದ ಮದ್ದು ಯಾವುದು ಅಂತ ಒಮ್ಮೆ ಯೋಚಿಸಲಿ.

ಪೂರ್ತಿ ಚಿತ್ರ ಬೇಡ. ಒಂದೂವರೆ ಗಂಟೆಯ ಸಭೆಗೆ 25 ನಿಮಿಷದ ತುಣುಕು ಧಾರಾಳ ಆಯ್ತು.

ಕತ್ತರಿಸುವ ಮುಂಚೆ ಪ್ರತಿ ಚಿತ್ರವನ್ನೂ ಎರಡು ಸಲ ನೋಡಬೇಕು. ಒಂದು ಸಲ ಸದ್ದು ಪೂರ್ತಿ ಬಂದ್ ಮಾಡಿ. ಇನ್ನೊಂದು ಸಲ ಪರದೆಗೆ ಬೆನ್ನು ಹಾಕಿ, ಕಿವಿ ಮಾತ್ರ ತೆರೆದು. ಎರಡನೆಯದನ್ನು ಯಾರೂ ಮಾಡಲ್ಲ, ಎಡವೋದು ಅಲ್ಲೇ. ಬಾಟಲಿ ಮುಚ್ಚಳ ತಿರುಗುವ ಕಿರ್ರ್, ಐಸ್ ತುಂಡು ಗ್ಲಾಸಿಗೆ ಬೀಳೋದು, ಮಾತ್ರೆ ಡಬ್ಬಿ ಗಲಗಲ ಅನ್ನೋದು, ಫಾಯಿಲ್ ಸರಸರ. ಇವು ಚಿತ್ರದ ಚೌಕಟ್ಟಿನಾಚೆ ಇದ್ದರೂ ಕಿವಿಗೆ ಬೀಳುತ್ತವೆ. ಪ್ರತಿಯೊಂದಕ್ಕೂ ಟೈಮ್‌ಕೋಡ್, ಅಂದರೆ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ, ಬರೆದುಕೊಳ್ಳಿ. ಕತ್ತರಿ ಹಾಕೋದು ಗ್ಲಾಸ್ ಬಾಯಿಗೆ ಹೋಗೋ ಕಡೆಯಲ್ಲ, ಅದಕ್ಕಿಂತ ಮುಂಚೆ, ಕೈ ಕಪಾಟಿನ ಕಡೆ ಹೊರಟ ಕ್ಷಣಕ್ಕೆ. ಮತ್ತೆ ಶುರುವಾಗಬೇಕಾದ್ದು ಅದರ ಪರಿಣಾಮ ಕಾಣುವಲ್ಲಿ. ದಯವಿಟ್ಟು ಬ್ಲರ್ ಮಾಡಬೇಡಿ. ಮಸುಕು ಮಾಡಿದ ಜಾಗವನ್ನು ಮನಸ್ಸು ತನ್ನ ಸ್ವಂತ ನೆನಪಿನಿಂದ ತುಂಬಿಕೊಳ್ಳುತ್ತೆ, ಅದು ತೆರೆ ಮೇಲಿನದಕ್ಕಿಂತ ಸ್ಪಷ್ಟ.

ಪಟ್ಟಿಗೆ ಸೇರಿಸಬೇಕಾದ ಎರಡು ಹೆಸರು.

ಒಂದು, ಡೇಸ್ ಆಫ್ ವೈನ್ ಅಂಡ್ ರೋಸಸ್, 1962ರದ್ದು. ಗಂಡ ಹೆಂಡತಿ ಇಬ್ಬರೂ ಕುಡಿತಕ್ಕೆ ಬಿದ್ದು, ಒಬ್ಬ ಮೇಲೆ ಬರ್ತಾನೆ, ಇನ್ನೊಬ್ಬಳು ಬರಲ್ಲ. ಶುರುವಿನಲ್ಲಿ ಅವಳು ಕುಡಿಯೋದೇ ಇಲ್ಲ, ಅವಳಿಗೆ ಪ್ರಾಣ ಅಂದರೆ ಚಾಕೊಲೇಟ್. ಅದಕ್ಕೇ ಅವನು ಬ್ರಾಂಡಿ ಅಲೆಕ್ಸಾಂಡರ್ ತರಿಸ್ತಾನೆ, ಚಾಕೊಲೇಟ್ ರುಚಿಯ ಬ್ರಾಂಡಿ ಪಾನೀಯ. ಆ ಮಾತುಕತೆಯಷ್ಟನ್ನೇ ತೋರಿಸಿ, ಗ್ಲಾಸ್ ಬರುವ ಮುಂಚೆ ನಿಲ್ಲಿಸಿ. ಯಾರೂ ಕೆಟ್ಟವರಲ್ಲದ, ಯಾರ ಮೇಲೂ ತಪ್ಪು ಹೊರಿಸಲಾಗದ ಶುರುವಾತು ಅದು. ಮನೆಯವರು "ಹಾಳು ಸ್ನೇಹಿತರಿಂದಲೇ ಆಯ್ತು" ಅಂತ ಕಟ್ಟಿಕೊಂಡ ಲೆಕ್ಕ ಅಲ್ಲಿ ಸಡಿಲವಾಗುತ್ತೆ. ಮಧ್ಯದಲ್ಲಿ ಬರುವ ಗಾಜಿನಮನೆಯ ದೃಶ್ಯ, ಬಚ್ಚಿಟ್ಟ ಬಾಟಲಿಗಾಗಿ ಅವನು ಮಾವನ ಗಿಡಗಳನ್ನೆಲ್ಲ ಕಿತ್ತು ಕುಂಡ ಒಡೆಯೋದು, ಎಲ್ಲರೂ ಹೊಗಳುವಂಥದ್ದು. ನೀವು ಬಿಡಿ. ಕೊನೆಯ ಐದಾರು ನಿಮಿಷ ಮಾತ್ರ ಬಿಡಬೇಡಿ: ಅವಳು ವಾಪಸ್ ಬರ್ತೀನಿ ಅಂತಾಳೆ, ಕುಡಿತ ಬಿಡೋಕೆ ಒಪ್ಪಲ್ಲ, ಅವನು ತಡೆಯಲ್ಲ, ಹಿಂಬಾಲಿಸೋದೂ ಇಲ್ಲ. ಪ್ರೀತಿ ಇದ್ದೂ ಬಾಗಿಲು ಹಾಕಿದ್ದು ಸರಿಯಾ ಅಂತ ಕೇಳಿದರೆ ಮನೆಯವರ ಬಾಯಿ ತಾನಾಗಿ ಬಿಚ್ಚುತ್ತೆ.

ಇನ್ನೊಂದು ಸೌಂಡ್ ಆಫ್ ಮೆಟಲ್. ಹೆರೋಯಿನ್ ಬಿಟ್ಟು ನಾಲ್ಕು ವರ್ಷವಾದ ಡ್ರಮ್ಮರ್‌ಗೆ ಕಿವಿ ಹೋಗುತ್ತೆ. ಅವನು ಹೆರೋಯಿನ್ ಮುಟ್ಟುವ ದೃಶ್ಯವೇ ಇಲ್ಲ, ಆದರೆ ಚಟದ ನಡವಳಿಕೆ ಇಡೀ ಚಿತ್ರದಲ್ಲಿದೆ. ಎಷ್ಟೇ ಖರ್ಚಾಗಲಿ, ಯಾರಿಗೂ ಹೇಳದೆ, ಇದ್ದದ್ದನ್ನೆಲ್ಲ ಮಾರಿಯಾದರೂ ಈಗಲೇ ಹಳೇ ಸ್ಥಿತಿ ವಾಪಸ್ ಬೇಕು ಅನ್ನೋ ಹಪಾಹಪಿ. ಅವನು ಸೇರುವ ಕಿವುಡರ ಶಿಬಿರವನ್ನು ನಡೆಸುವ ಹಿರಿಯ, ಮೇಜಿನ ಆಚೆ ಕೂತು, ನೀನೀಗ ಆಡುವ ಮಾತು ವ್ಯಸನಿಯ ಮಾತು ಅಂತ ದನಿ ಎತ್ತರಿಸದೆ ಹೇಳುವ ಜಾಗವೇ ನಿಮ್ಮ ತುಣುಕು.

ರಾತ್ರಿಪಾಳಿ:

ಎಡಿಟ್‌ಟೇಬಲ್ ಹೇಳಿದ್ದಕ್ಕೆ ಸಹಮತ. ನನ್ನ ಚಿಂತೆ ಬೇರೆ: ಈ ಚಿತ್ರಗಳಿಂದ ಜನ ಕಲಿಯುವ ತಪ್ಪು ವೈದ್ಯಕೀಯ.

ಟ್ರೈನ್‌ಸ್ಪಾಟಿಂಗ್‌ನಲ್ಲಿ ಅಪ್ಪ ಅಮ್ಮ ಹೆರೋಯಿನ್ ಚಟದ ಮಗನನ್ನು ಕೋಣೆಗೆ ಹಾಕಿ ಬೀಗ ಜಡಿಯುತ್ತಾರೆ. ಅವನಿಗೆ ಚಾವಣಿಯ ಮೇಲೆ ಮಗು ತೆವಳಿದಂತೆ ಕಾಣುತ್ತದೆ, ಕೆಲವು ದಿನ ಒದ್ದಾಡಿ ಹೊರಬರುತ್ತಾನೆ. ಮನೆಯವರು ಇದನ್ನು ನೋಡಿ "ಹೀಗೂ ಮಾಡಬಹುದಲ್ಲ" ಎಂದುಕೊಂಡರೆ, ಆ ವ್ಯಕ್ತಿಯ ಚಟ ಮದ್ಯವಾಗಿದ್ದರೆ, ಸಾವು ಸಂಭವಿಸಬಹುದು. ಚಟದ ವಸ್ತು ನಿಲ್ಲಿಸಿದಾಗ ದೇಹ ಪಡುವ ಪಾಡು, ಅಂದರೆ ವಿತ್‌ಡ್ರಾವಲ್, ಮದ್ಯಕ್ಕೂ ಹೆರೋಯಿನ್‌ಗೂ ಒಂದೇ ಅಲ್ಲ.

ಮದ್ಯ: ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ನಿದ್ದೆಗೇಡು. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯ ನಡುವೆ. ಅತಿ ಗಂಭೀರವಾದ ಸನ್ನಿ, ಅಂದರೆ ಡೆಲಿರಿಯಂ ಟ್ರೆಮೆನ್ಸ್, 48ರಿಂದ 96 ಗಂಟೆಯ ಸುಮಾರಿಗೆ: ದಿಕ್ಕು ತಪ್ಪಿದ ಮಾತು, ಇಲ್ಲದ ಹುಳು ಹುಪ್ಪಟೆ ಕಾಣುವುದು, ಜ್ವರ, ಏರಿದ ನಾಡಿ. ಮೊದಲ ದಿನ ಪರವಾಗಿಲ್ಲ ಎನ್ನಿಸಿ ಮೂರನೇ ದಿನ ಕೈಮೀರುತ್ತದೆ, ಬೀಗ ಹಾಕಿದವರು ಮೋಸಹೋಗುವುದು ಇಲ್ಲಿ. ಆಸ್ಪತ್ರೆಯಲ್ಲಿ ಡಯಜೆಪಾಮ್ ಬಗೆಯ ಶಮನಕ ಔಷಧಿ ಕೊಟ್ಟು ಅದರ ಅಳತೆಯನ್ನು ದಿನದಿನಕ್ಕೆ ಇಳಿಸುತ್ತಾರೆ, ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡುತ್ತಾರೆ. ಥಯಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಹಾನಿಯಾಗುವ ಅಪಾಯವಿದೆ.

ಹೆರೋಯಿನ್: 8ರಿಂದ 24 ಗಂಟೆಯಲ್ಲಿ ಶುರು, ಎರಡು ಮೂರನೇ ದಿನ ತೀವ್ರ, ಒಂದು ವಾರದ ಸುಮಾರಿಗೆ ತಗ್ಗುತ್ತದೆ. ಮೂಗು ಸೋರುವುದು, ಆಕಳಿಕೆ, ರೋಮ ನಿಮಿರುವುದು, ವಾಂತಿ ಭೇದಿ, ಕಾಲು ಸೆಳೆತ. ನರಕಯಾತನೆ ಹೌದು. ಆದರೆ ತೆವಳುವ ಮಗು ಕಾಣುವುದು ಇದರ ಲಕ್ಷಣವಲ್ಲ. ಆ ಭ್ರಮೆ ಸೇರಬೇಕಾದದ್ದು ಮದ್ಯದ ಚಿತ್ರಕ್ಕೆ. ಆ ಲೆಕ್ಕದಲ್ಲಿ 1945ರ ಲಾಸ್ಟ್ ವೀಕೆಂಡ್‌ನಲ್ಲಿ ಕುಡುಕ ಲೇಖಕನಿಗೆ ಕಾಣುವ ಗೋಡೆಯೊಳಗಿನ ಇಲಿ ಮತ್ತು ಬಾವಲಿ ಹೆಚ್ಚು ಪ್ರಾಮಾಣಿಕ. ಹೆರೋಯಿನ್‌ನ ನಿಜವಾದ ಅಪಾಯ ಚಿತ್ರ ಮುಗಿದ ಮೇಲೆ ಶುರುವಾಗುತ್ತದೆ. ಬಿಟ್ಟ ಕೆಲವೇ ದಿನಗಳಲ್ಲಿ ದೇಹದ ತಾಳಿಕೆ ಕುಸಿದಿರುತ್ತದೆ, ಹಳೆಯ ಅಳತೆಯನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಚಿಕಿತ್ಸಾ ಕೇಂದ್ರದಿಂದಲೋ ಜೈಲಿನಿಂದಲೋ ಬಿಡುಗಡೆಯಾದ ಮೊದಲ ವಾರಗಳು ಅದಕ್ಕೇ ಅತ್ಯಂತ ಅಪಾಯದವು.

ಓವರ್‌ಡೋಸ್ ದೃಶ್ಯಗಳೂ ಹಾಗೆಯೇ. 1994ರ ಪಲ್ಪ್ ಫಿಕ್ಷನ್‌ನಲ್ಲಿ ಎದೆಗೆ ಅಡ್ರಿನಾಲಿನ್ ಸೂಜಿ ಚುಚ್ಚಿದ ಕೂಡಲೇ ಹೆಣ್ಣುಮಗಳು ದಿಗ್ಗನೆದ್ದು ಕೂರುತ್ತಾಳೆ. ಇದನ್ನು ನಿಜವೆಂದು ನಂಬಿದವರು ಇಂದಿಗೂ ಇದ್ದಾರೆ. ಒಪಿಯಾಯ್ಡ್ (ಹೆರೋಯಿನ್, ಮಾರ್ಫಿನ್ ಬಗೆಯವು) ಓವರ್‌ಡೋಸ್‌ಗೆ ಇರುವ ಔಷಧಿ ನಲಾಕ್ಸೋನ್, ಮೂಗಿಗೆ ಸ್ಪ್ರೇ ಅಥವಾ ಸ್ನಾಯುವಿಗೆ ಇಂಜೆಕ್ಷನ್. ಎರಡು ಮೂರು ನಿಮಿಷದಲ್ಲಿ ಉಸಿರು ಮರಳದಿದ್ದರೆ ಇನ್ನೊಂದು ಡೋಸ್. ಅದರ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಹೆರೋಯಿನ್ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿದ್ದರೆ ವ್ಯಕ್ತಿ ಮತ್ತೆ ಮುಳುಗುತ್ತಾನೆ. ಎದ್ದು ಕೂತ ಎಂದು ಬಿಟ್ಟು ಹೋಗುವಂತಿಲ್ಲ, ಆಂಬುಲೆನ್ಸ್ ಕರೆಯಲೇಬೇಕು. ಮದ್ಯಕ್ಕೆ ನಲಾಕ್ಸೋನ್ ಕೆಲಸ ಮಾಡದು.

ಕೊನೆಬೆಂಚು:

ಎಷ್ಟು ಉಪಕಾರ ಆಯ್ತು ಅಂದರೆ... ಹಾಗಾದರೆ ಟ್ರೈನ್‌ಸ್ಪಾಟಿಂಗ್ ತೆಗೆದೇಬಿಡೋದಾ? ಇನ್ನೊಂದು, ಮನೆಯವರಲ್ಲಿ ಇಬ್ಬರು "ಚಿಕಿತ್ಸೆಗೆ ಅಂತ ಮಾತ್ರೆ ನುಂಗೋದು ಅಂದರೆ ಒಂದು ಚಟ ಬಿಟ್ಟು ಇನ್ನೊಂದು ಹಿಡಿದಂಗೆ" ಅಂತ ಹೇಳ್ತಿದ್ದಾರೆ. ಅದಕ್ಕೆ ಹೊಂದುವ ತುಣುಕು ಉಂಟಾ?

ರಾತ್ರಿಪಾಳಿ:

ತೆಗೆಯುವುದೇ ಮೇಲು. ಎರಡನೆಯದಕ್ಕೆ 2021ರ ಡೋಪ್‌ಸಿಕ್ ನೋಡಿ, 8 ಕಂತಿನ ಸರಣಿ. ಅದರಲ್ಲಿ ರೋಗಿಗಳಿಗೆ ನೋವಿನ ಮಾತ್ರೆ ಬರೆಯುತ್ತಿದ್ದ ವೈದ್ಯನೇ ಅದಕ್ಕೆ ದಾಸನಾಗಿ, ಕಡೆಗೆ ಬ್ಯುಪ್ರೆನಾರ್ಫಿನ್ ಇರುವ ಔಷಧಿಯಿಂದ ಚೇತರಿಸಿಕೊಂಡು, ಇತರರನ್ನೂ ಅದೇ ದಾರಿಗೆ ತರುತ್ತಾನೆ. ವಿವರಿಸುವಾಗ ಹೀಗೆ ಹೇಳಿ: ಈ ಔಷಧಿ ಮಿದುಳಿನಲ್ಲಿ ಹೆರೋಯಿನ್ ಕೂರುವ ಕುರ್ಚಿಯಲ್ಲೇ ಕೂರುತ್ತದೆ, ಆದರೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಹಪಾಹಪಿ ತಗ್ಗುತ್ತದೆ, ಒಂದು ಮಟ್ಟದ ಮೇಲೆ ಎಷ್ಟು ತೆಗೆದುಕೊಂಡರೂ ಅಮಲು ಏರದು. ಶುರು ಮಾಡುವಾಗ ವಿತ್‌ಡ್ರಾವಲ್ ಲಕ್ಷಣ ಕಾಣುವವರೆಗೆ ಕಾಯಬೇಕು, ಹೆರೋಯಿನ್ ಆದರೆ ಸುಮಾರು 12 ಗಂಟೆ ಅಥವಾ ಹೆಚ್ಚು. ಆತುರಪಟ್ಟರೆ ಕುರ್ಚಿಯಿಂದ ಹೆರೋಯಿನ್ ಒಮ್ಮೆಲೇ ದೂಡಲ್ಪಟ್ಟು ಯಾತನೆ ಮೂರು ಪಟ್ಟಾದಂತೆ ಅನ್ನಿಸುತ್ತದೆ. "ಔಷಧಿ ಒಗ್ಗಲಿಲ್ಲ" ಎಂದು ಬಿಟ್ಟವರಲ್ಲಿ ಕೆಲವರ ಕಥೆ ಇಷ್ಟೇ, ಹೊತ್ತು ತಪ್ಪಿದ್ದು. ಯಾರ ಮಾತ್ರೆಯನ್ನೂ ಸಭೆಯ ಒತ್ತಡಕ್ಕೆ ನಿಲ್ಲಿಸಬಾರದು, ಇದನ್ನು ಕೌನ್ಸೆಲರ್ ಬಾಯಿಂದಲೇ ಹೇಳಿಸಿ.

ಅಡಿಟಿಪ್ಪಣಿ:

ಹಾರಿ ಭಾಷಣದ ಬಗ್ಗೆ ಯಾರೂ ಮಾತಾಡಲಿಲ್ಲ, ಹಾಗಾಗಿ ನಾನು. 2015ರದ್ದು, ಕಾಲು ಗಂಟೆಯದ್ದು, ಮಾತುಗಾರಿಕೆ ಸೊಗಸು. ಹಾಕಿ, ಆದರೆ ಕೈಗೊಂದು ಪೆನ್ಸಿಲ್ ಕೊಟ್ಟು ಹಾಕಿ.

ಅವರು ಆಧರಿಸುವ ಮುಖ್ಯ ಪ್ರಯೋಗ ಕೆನಡಾದ ಬ್ರೂಸ್ ಅಲೆಕ್ಸಾಂಡರ್ 1970ರ ದಶಕದಲ್ಲಿ ಮಾಡಿದ ರ‍್ಯಾಟ್ ಪಾರ್ಕ್. ಒಂಟಿ ಪಂಜರದ ಇಲಿಗಳು ಮಾರ್ಫಿನ್ ಬೆರೆತ ಸಿಹಿನೀರನ್ನು ಜಾಸ್ತಿ ಕುಡಿದವು, ಜೊತೆಗಾರರು, ಆಟದ ಜಾಗ ಇದ್ದ ಇಲಿಗಳು ಕಡಿಮೆ ಕುಡಿದವು. ಭಾಷಣದಿಂದ ಕೇಳುಗರಿಗೆ ಉಳಿಯೋದು "ಸಂಗ ಇದ್ದರೆ ಚಟ ಇಲ್ಲ" ಅನ್ನೋ ಒಂದು ಸಾಲು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಫಲಿತಾಂಶ ಪ್ರತಿ ಸಲ ಹಾಗೇ ಬರಲಿಲ್ಲ ಅನ್ನೋದು ಬಿಟ್ಟುಹೋಗುತ್ತೆ. ವಿಯೆಟ್ನಾಂ ಸೈನಿಕರ ಮಾತೂ ಬರುತ್ತೆ: ಅಲ್ಲಿ ಹೆರೋಯಿನ್‌ಗೆ ಬಿದ್ದವರಲ್ಲಿ ಬಹುಪಾಲು ಮಂದಿ ಊರಿಗೆ ಮರಳಿದ ಮೇಲೆ ಬಿಟ್ಟರು. ಲೀ ರಾಬಿನ್ಸ್ ಅವರ ಅಧ್ಯಯನದ ಪ್ರಕಾರ ಇದು ನಿಜ. ಆದರೆ ಬಿಟ್ಟವರು ಅದನ್ನು ಬಳಸಿದ ಜಾಗ, ಕೊಂಡ ಜಾಗ, ಜೊತೆಗಾರರು ಎಲ್ಲವನ್ನೂ ಸಾಗರದಾಚೆ ಬಿಟ್ಟು ಬಂದಿದ್ದರು. ನಿಮ್ಮ ಸಭೆಯ ಆರು ಜನಕ್ಕೆ ಆ ಅನುಕೂಲ ಇದೆಯಾ?

ಇದರ ಇನ್ನೊಂದು ಅಂಚು ಮನೆಯವರಿಗೆ ತಾಗುತ್ತೆ. "ಸಂಗವೇ ಮದ್ದು" ಅಂದರೆ "ನಾನು ಕೊಟ್ಟ ಪ್ರೀತಿ ಸಾಲಲಿಲ್ಲ" ಅಂತ ತಾಯಿಯೊಬ್ಬಳು ಕೇಳಿಸಿಕೊಳ್ತಾಳೆ. ಭಾಷಣ ಮುಗಿದ ತಕ್ಷಣ ಆ ಗಂಟು ಬಿಚ್ಚದೆ ಮುಂದೆ ಹೋಗಬೇಡಿ. ಹಾಳೆಯಲ್ಲಿ ಎರಡು ಪ್ರಶ್ನೆ ಸಾಕು: ಅವರು ಏನು ಸಾಬೀತು ಮಾಡಿದರು, ಏನನ್ನು ಕಥೆಯಾಗಿ ಹೇಳಿದರು?

ಖಿನ್ನತೆ, ಆತ್ಮಹತ್ಯೆ ಬರುವ ಚಿತ್ರಗಳಿಗೆ ಇನ್ನೂ ಕಟ್ಟುನಿಟ್ಟು ಬೇಕು, ಕುಡಿತದ ಜೊತೆ ಈ ಎರಡೂ ಎಷ್ಟೋ ಸಲ ಹೆಗಲಿಗೆ ಹೆಗಲು ಕೊಟ್ಟೇ ಬರುತ್ತವೆ. 2017ರಲ್ಲಿ ಬಂದ 13 ರೀಸನ್ಸ್ ವೈ ಸರಣಿಯ ಮೊದಲ ಸೀಸನ್‌ನ ಆತ್ಮಹತ್ಯೆ ದೃಶ್ಯವನ್ನು ನೆಟ್‌ಫ್ಲಿಕ್ಸ್ ಎರಡು ವರ್ಷ ಬಿಟ್ಟು, 2019ರ ಜುಲೈನಲ್ಲಿ, ತೆಗೆದುಹಾಕಿತು. ಅದೇ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿನಿಮಾ, ರಂಗಭೂಮಿಯವರಿಗೆಂದೇ ಮಾರ್ಗದರ್ಶಿ ತಂದಿತು. ಸಾರ: ಸಾವಿನ ವಿಧಾನ ತೋರಿಸಬೇಡಿ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ, ಸಹಾಯ ಕೇಳಿ ಪಾರಾದವರನ್ನು ತೋರಿಸಿ. ಕೊನೆಯದಕ್ಕೆ ಪಾಪಗೇನೋ ಪರಿಣಾಮ ಅಂತ ಹೆಸರು, ಮೊಟ್ಸಾರ್ಟ್‌ನ ಸಂಗೀತನಾಟಕದಲ್ಲಿ ಸಾಯಲು ಹೊರಟು, ಮೂವರು ಹುಡುಗರ ಮಾತು ಕೇಳಿ ನಿಂತ ಹಕ್ಕಿಗಾರನ ಹೆಸರು ಅದು. ಸುಖಾಂತ್ಯ ಪಕ್ಷದವರಿಗೆ ಇಲ್ಲೊಂದು ಸೂಕ್ಷ್ಮ ಇದೆ. ಪಾರಾದ ಅಂತ ಮಾತ್ರ ತೋರಿಸಿದರೆ ಸಾಲದು, ಆ ರಾತ್ರಿ ಯಾರಿಗೆ ಫೋನ್ ಮಾಡಿದ, ಏನು ಹೇಳಿದ, ಬೆಳಗಿನವರೆಗೆ ಎಲ್ಲಿ ಕೂತ ಅನ್ನೋದು ಕಾಣಬೇಕು. ಆ ದೃಷ್ಟಿಯಿಂದ ಲಾಸ್ಟ್ ವೀಕೆಂಡ್‌ನ ಕೊನೆ ದುರ್ಬಲ: ಕುಡುಕ ಲೇಖಕ ವಿಸ್ಕಿ ಗ್ಲಾಸಿಗೆ ಸಿಗರೇಟ್ ಹಾಕಿ, ಬರೆಯಲು ನಿರ್ಧರಿಸಿದ, ಮುಗೀತು. ಚಿಕಿತ್ಸೆ ಇಲ್ಲ, ಆಮೇಲಿನ ಒಂದು ಮಾಮೂಲಿ ಮಂಗಳವಾರ ಬೆಳಗ್ಗೆ ಏನಾಯ್ತು ಅಂತ ಇಲ್ಲ. ಅತ್ಯುತ್ತಮ ಚಿತ್ರದ ಆಸ್ಕರ್ ಬಂದ ಚಿತ್ರ ಅಂತ ಹೆದರಬೇಡಿ, ಆ ಮಂಗಳವಾರವನ್ನು ನಿಮ್ಮ ಗುಂಪೇ ಬರೆಯಲಿ. ಒಳ್ಳೇ ಚಟುವಟಿಕೆ ಆಗುತ್ತೆ.

ಪರದೆಹಿಂದೆ:

ಕೋಣೆ ವಿಷಯ ಹೇಳಿಬಿಡ್ತೀನಿ, ಚಿತ್ರ ಎಷ್ಟು ಚೆನ್ನಾಗಿ ಆರಿಸಿದ್ರೂ ಇಲ್ಲಿ ಕೆಡುತ್ತೆ.

90 ನಿಮಿಷದಲ್ಲಿ 5 ಪೀಠಿಕೆಗೆ, 25 ತುಣುಕಿಗೆ, 10 ಬಿಡುವು, 40 ಮಾತು, 10 ಮುಕ್ತಾಯ. ಬಿಡುವು ಕಡಿಮೆ ಮಾಡ್ಬೇಡಿ. ಹಪಾಹಪಿ ಎದ್ದರೆ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಏರಿ ಇಳಿಯುತ್ತೆ. ತುಣುಕು ಕೊನೆಗೆ ಇಟ್ಟರೆ ಆ ಏರುವ ಹೊತ್ತಲ್ಲಿ ಜನ ಒಬ್ಬೊಬ್ಬರೇ ರಸ್ತೆಗೆ ಇಳಿದಿರ್ತಾರೆ. ಮೊದಲೇ ತೋರಿಸಿದರೆ ಇಳಿಯೋವರೆಗೂ ನಿಮ್ಮ ಜೊತೆಲೇ ಇರ್ತಾರೆ.

ದೀಪ ಪೂರ್ತಿ ಆರಿಸೋದು ಬೇಡ, ಪಕ್ಕದವರ ಮುಖ ಕಾಣ್ಬೇಕು. ಬಾಗಿಲು ಕುರ್ಚಿಗಳ ಹಿಂದೆ ಇರಲಿ, ಎದ್ದು ಹೋಗೋರು ಪರದೆ ಮುಂದೆ ಹಾದು ಹೋಗೋ ಹಾಗಾದ್ರೆ ನಾಚಿಕೆಗೆ ಕೂತೇ ಬಿಡ್ತಾರೆ. ಎದ್ದವರ ಹಿಂದೆ ಹೋಗೋಕೆ ಕೌನ್ಸೆಲರ್ ಬಾಗಿಲ ಹತ್ತಿರ ಕೂರಲಿ, ನೀವು ಮಾತ್ರ ಮುಂದೆ.

ಮನೆಯವರು ಚಿತ್ರವನ್ನ ಬಡಿಗೆ ಮಾಡ್ಕೊಳ್ತಾರೆ. "ನೋಡು, ನೀನೂ ಥೇಟ್ ಹಿಂಗೇ" ಅನ್ನೋ ಒಂದು ಮಾತು ಸಾಕು, ಮುಂದಿನ ವಾರ ಆರು ಕುರ್ಚಿ ಖಾಲಿ. ನಿಯಮ ಮೊದಲೇ ಹೇಳಿ: ಪಾತ್ರದ ಹೆಸರು ಹಿಡಿದು ಮಾತ್ರ ಮಾತು. ಚಿಕ್ಕ ಗುಂಪು ಮಾಡೋವಾಗ ಒಂದೇ ಮನೆಯವರನ್ನ ಒಂದೇ ಗುಂಪಿಗೆ ಹಾಕ್ಬೇಡಿ. ಪ್ರಶ್ನೆಯೂ ಹಂಗೇ, "ಅವನು ಯಾಕೆ ಬಿಡ್ಲಿಲ್ಲ" ಅಂತ ಕೇಳಿದ್ರೆ ತೀರ್ಪು ಬರುತ್ತೆ. "ಆ ಗ್ಲಾಸಿಗೆ ಮುಂಚಿನ ಹತ್ತು ನಿಮಿಷದಲ್ಲಿ ಏನೇನಾಯ್ತು" ಅಂತ ಕೇಳಿ. ಹಸಿವು, ಜಗಳ, ಸಂಬಳದ ದಿನ, ಬೇಜಾರು, ಎಲ್ಲ ಒಂದೊಂದಾಗಿ ಹೊರಗೆ ಬರುತ್ತೆ.

ಇನ್ನೊಂದು ವಿಷಯ. ಮನೆ ಬಳಕೆಯ ಸ್ಟ್ರೀಮಿಂಗ್ ಖಾತೆಯಿಂದ ಸಭೆಗೆ ತೋರಿಸೋಕೆ ಹಕ್ಕು ಬರಲ್ಲ. ಪ್ರದರ್ಶನದ ಪರವಾನಗಿ ಬೇರೆ ತಗೋಬೇಕು. ನೆಟ್‌ಫ್ಲಿಕ್ಸ್ ತನ್ನ ಕೆಲವು ಸಾಕ್ಷ್ಯಚಿತ್ರಗಳಿಗೆ ಶೈಕ್ಷಣಿಕ ಪ್ರದರ್ಶನದ ಅನುಮತಿ ಕೊಡುತ್ತೆ, ಶೀರ್ಷಿಕೆವಾರು ನೋಡ್ಕೊಳ್ಳಿ.

ಕೊನೆಬೆಂಚು:

ಪಟ್ಟಿ ತಿದ್ದಿದೆ. 1: ಡೇಸ್ ಆಫ್ ವೈನ್, ಚಾಕೊಲೇಟ್ ಮಾತುಕತೆ. 2: ಡೋಪ್‌ಸಿಕ್, ಜೊತೆಗೆ ಔಷಧಿಗಳ ವಿವರಣೆ. 3: ಹಾರಿ ಭಾಷಣ, ಪೆನ್ಸಿಲ್ ಸಮೇತ. 4: ಸೌಂಡ್ ಆಫ್ ಮೆಟಲ್, ಮೇಜಿನ ದೃಶ್ಯ. 5: ಲಾಸ್ಟ್ ವೀಕೆಂಡ್ ಕೊನೆ, ಮಂಗಳವಾರ ಬರೆಯೋದು. ಆರನೆಯದು ಖಾಲಿ. ಏನಾದರೂ ಸ್ಫೂರ್ತಿಯ ಭಾಷಣ ಸೂಚಿಸ್ತೀರಾ?

ಎಡಿಟ್‌ಟೇಬಲ್:

ಹೊಸದೇನೂ ಬೇಡ. ಮೊದಲ ವಾರದ ಅದೇ ತುಣುಕನ್ನ ಮತ್ತೆ ಹಾಕಿ, "ಗ್ಲಾಸಿಗೆ ಮುಂಚಿನ ಹತ್ತು ನಿಮಿಷ" ಪ್ರಶ್ನೆಯನ್ನೂ ಮತ್ತೆ ಕೇಳಿ. ಮೊದಲ ವಾರದ ಉತ್ತರಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆಸಿ ಲಕೋಟೆಗೆ ಹಾಕಿ ಅಂಟಿಸಿಟ್ಟಿರಬೇಕು, ಅದಕ್ಕೇ ಈಗಲೇ ಹೇಳ್ತಿದ್ದೀನಿ. ಆರನೇ ವಾರ ಎರಡೂ ಕಟ್ಟು ಪಕ್ಕಪಕ್ಕ ಇಟ್ಟು ಓದಿ.

ರಾತ್ರಿಪಾಳಿ:

ಐದನೇ ವಾರಕ್ಕೂ ಒಂದು ಮಾತು. ಬಾವಲಿ ದೃಶ್ಯ ಹಾಕುವುದಾದರೆ ಕೌನ್ಸೆಲರ್‌ಗೆ ಮೊದಲೇ ತಿಳಿಸಿ. ಗುಂಪಿನಲ್ಲಿ ಸನ್ನಿ ಅನುಭವಿಸಿದವರು ಇದ್ದರೆ ಅವರಿಗೆ ಅದು ಸಿನಿಮಾ ಆಗಿರುವುದಿಲ್ಲ. ಕೊನೆಯ ಐದು ನಿಮಿಷ ಮಾತ್ರ ಹಾಕಿದರೂ ನಿಮ್ಮ ಮಂಗಳವಾರಕ್ಕೆ ಸಾಕಾಗುತ್ತದೆ.